ಎಲೆ ಆರಿಸದ ಹಣ್ಣು

ನನ್ನ ಮಗಳು ಡಾನಿಕಾಳ ಕೈಯಿಂದ ಅತ್ತೆ ಬಕೆಟ್ ಕಸಿದುಕೊಂಡಾಗ ಅದು ಅರ್ಧ ತುಂಬಿತ್ತು.

ಹಳೆಯ ಕಾಡ್ಗಿಚ್ಚಿನ ಜಾಗದಲ್ಲಿ ನಾವು ಬ್ಲೂಬೆರಿ ಕೀಳುತ್ತಿದ್ದೆವು. ಸುಟ್ಟ ಪೈನ್ ಮರಗಳು ಕಪ್ಪಗೆ ನಿಂತಿದ್ದವು; ಬುಡದಲ್ಲಿ ಪಾದ ಮುಚ್ಚುವಷ್ಟು ಎತ್ತರದ ಗಿಡ, ಗಿಡದ ತುಂಬ ಹಣ್ಣು. ದಿಬ್ಬದ ಆಚೆ ಮೈದುನ ಕ್ಲೇಟನ್, ಕರಡಿಗೆ ಕೇಳಿ ದೂರ ಹೋಗಲಿ ಎಂದು, ಶ್ರುತಿಯಿಲ್ಲದೆ ಕೂಗಿ ಹಾಡುತ್ತಿದ್ದ.

"ಇನ್ನು ಕೀಳಬೇಡ," ಅತ್ತೆ ಅಂದರು. "ಬಾಯಲ್ಲಿ ಹಣ್ಣಿದ್ರೆ ಉಗಿ."

"ಯಾಕಜ್ಜಿ? ನಾನೇನ್ ಮಾಡ್ದೆ?"

"ಏನೂ ಮಾಡಿಲ್ಲ. ಉಗಿ ಮೊದ್ಲು."

ಡಾನಿಕಾ ಉಗಿದಳು. ಅತ್ತೆ ತಮ್ಮ ಚೌಕಳಿ ಅಂಗಿ ಬಿಚ್ಚಿ ಅದರ ತೋಳುಗಳನ್ನು ಅವಳ ಸೊಂಟಕ್ಕೆ ಕಟ್ಟಿದರು. ಆಗ ನಾನು ನೋಡಿದೆ. ಬೂದು ಪ್ಯಾಂಟಿನ ಹಿಂದೆ ಅಂಗೈಯಗಲ ಕಲೆ.

"ಹಣ್ಣಿನ ಮೇಲೆ ಕೂತ್ಬಿಟ್ಟೆ ಅನ್ಸುತ್ತೆ," ಡಾನಿಕಾ ಅಂದಳು.

"ಅದು ಹಣ್ಣಲ್ಲ ಕಣೇ."

ಅವಳು ನನ್ನ ಕಡೆ ನೋಡಿದಳು. ಅತ್ತೆಯೂ ನೋಡಿದರು.

"ಮನೆಗೆ ಹೋಗೋಣ," ಅಂದೆ.

ಟ್ರಕ್ಕಿನ ಒಂದೇ ಸೀಟಿನಲ್ಲಿ ನಾಲ್ವರೂ ಒತ್ತಿಕೊಂಡು ಕೂತೆವು. ಕ್ಲೇಟನ್ ಕೇಳಿದ, "ಏನಾಯ್ತು? ಕರಡಿ ಬಂತಾ?"

"ಸುಮ್ನೆ ಗಾಡಿ ಓಡ್ಸು," ಅತ್ತೆ ಅಂದರು.

ಡಾನಿಕಾ ದಾರಿಯುದ್ದ ಅತ್ತಳು. ಸದ್ದಿರಲಿಲ್ಲ. ಅವಳಿಗೆ ಹನ್ನೆರಡು ತುಂಬಿ ಎರಡು ತಿಂಗಳಾಗಿತ್ತು.

ಮನೆ ಸೇರಿದ ಮೇಲೆ ಅವಳಿಗೆ ಬಿಸಿನೀರು, ಬೇರೆ ಬಟ್ಟೆ, ನನ್ನ ಕಪಾಟಿನ ಪ್ಯಾಡು ಕೊಟ್ಟು ಬಾಗಿಲು ಮುಚ್ಚಿ ಬಂದೆ. ಅತ್ತೆ ಬ್ಯಾನಕ್ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದರು. ಕೋಪ ಬಂದಾಗ ಅವರು ಕಲಸುವುದು ಬೇರೆ ಥರ.

"ಮಗೂನ ಹೆದರಿಸ್ಬಿಟ್ರಿ," ಅಂದೆ.

"ನಾನಾ? ಊರಿನ ಮಕ್ಕಳಿಗೆಲ್ಲ ಕಪ್ಪೆ ಕೊಯ್ದು ತೋರಿಸ್ತೀಯ. ವಿನಿಪೆಗ್‌ಗೆ ಹೋಗಿ ನಾಕು ವರ್ಷ ಓದ್ಕೊಂಡು ಬಂದೆ. ಮನೇಲಿರೋ ಹುಡುಗಿಗೆ ಒಂದು ಮಾತು ಹೇಳಿಲ್ಲ."

"ಹೇಳಬೇಕು ಅಂತಿದ್ದೆ."

"ಯಾವಾಗ? ನವೆಂಬರಿಂದ ನೀನು ಈ ಮೇಜಿನ ಮುಂದೆ ಕೂತು 'ಉಪ್ಪು ಕೊಡಿ' ಅನ್ನೋದು ಬಿಟ್ಟು ಏನ್ ಹೇಳಿದ್ದೀಯ?"

ನವೆಂಬರಿನಲ್ಲಿ, ಹೆದ್ದಾರಿಗೆ ಮೂಸ್ ಅಡ್ಡ ಬಂದು ನನ್ನ ಗಂಡ ಎಲ್ರಾಯ್ ಹೋದ. ಕುದುರೆಗಿಂತ ಎತ್ತರದ ಪ್ರಾಣಿ. ಕತ್ತಲಲ್ಲಿ ಅದರ ಕಾಲು ಮಾತ್ರ ಗಾಡಿಯ ದೀಪಕ್ಕೆ ಸಿಗುತ್ತದೆ. ಆಮೇಲೆ ನಾನು ಶಾಲೆಗೆ ಹೋಗುತ್ತೇನೆ, ಬರುತ್ತೇನೆ, ಪಾತ್ರೆ ತೊಳೆಯುತ್ತೇನೆ.

"ನಿಮಗೆ ಯಾರು ಹೇಳಿದ್ರು?" ಅತ್ತೆಯನ್ನು ಕೇಳಿದೆ.

ಅವರು ಹಿಟ್ಟನ್ನು ಬಾಣಲೆಗೆ ತಟ್ಟಿದರು. "ಬಿಳಿಯರು ನಮ್ಮ ಮಕ್ಕಳನ್ನ ಮನೆಯಿಂದ ಎತ್ಕೊಂಡು ಹೋಗಿ ಇಡ್ತಿದ್ರಲ್ಲ, ಆ ಶಾಲೇಲಿ ಇದ್ದೆ ಆಗ. ಹಾಸಿಗೆ ಬಟ್ಟೆ ನೋಡಿ ಸಿಸ್ಟರ್ ನನ್ನ ಸಾಲಿನಿಂದ ಈಚೆ ನಿಲ್ಲಿಸಿದ್ಲು. ಅಷ್ಟೇ ಹೇಳಿದ್ದು." ಕೈ ಒರೆಸಿಕೊಂಡು, "ಬೆಣ್ಣೆ ಎಲ್ಲಿಟ್ಟಿದ್ದೀಯ?" ಅಂದರು.

ಸಂಜೆ ನಾನು ಅಂಗಡಿ ಜಾಹೀರಾತಿನ ಹಾಳೆ ಮಗುಚಿ, ಪೆನ್ಸಿಲ್ ತೆಗೆದುಕೊಂಡು ಡಾನಿಕಾಳ ಪಕ್ಕ ಕೂತೆ. ಗರ್ಭಕೋಶ ಬರೆದೆ. ಎರಡು ಪಕ್ಕಕ್ಕೆ ಎರಡು ನಾಳ, ತುದಿಯಲ್ಲಿ ಅಂಡಾಶಯ. ತಿಂಗಳಿಗೊಂದು ಮೊಟ್ಟೆ ಹೇಗೆ ಹೊರಡುತ್ತದೆ, ಒಳಗೆ ಮೆತ್ತನೆಯ ಪದರ ಹೇಗೆ ಕಟ್ಟುತ್ತದೆ, ಬೇಡವಾದಾಗ ಹೇಗೆ ಕಳಚಿ ಬರುತ್ತದೆ. ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿದೆ. ನನ್ನ ಹತ್ತಿರ ಇದ್ದದ್ದು ಅದೊಂದೇ ದನಿ.

"ಎಷ್ಟು ದಿನ ಬರುತ್ತೆ?"

"ನಾಕು ದಿನ, ಐದು ದಿನ. ಮೊದಮೊದಲು ಲೆಕ್ಕ ತಪ್ಪುತ್ತೆ. ಹೆದರಬೇಡ."

"ಹೊಟ್ಟೆ ನೋಯುತ್ತಲ್ಲ, ಅದು ಅದೇನಾ?"

"ಅದೇ. ಬಿಸಿನೀರಿನ ಚೀಲ ಕೊಡ್ತೀನಿ."

"ಶಾಲೇಲಿ ಬಂದ್ರೆ?"

"ಬ್ಯಾಗಲ್ಲಿ ಒಂದು ಇಟ್ಕೊಂಡಿರು. ಇಲ್ದಿದ್ರೆ ನನ್ನ ಕೋಣೆಗೆ ಬಾ. ಮೇಜಿನ ಕೆಳಗಿನ ಖಾನೆಯಲ್ಲಿರುತ್ತೆ."

"ಎಲ್ಲರ ಮುಂದೆ ನಿನ್ನ ಕ್ಲಾಸಿಗೆ ಬರ್ಲಾ? ಹೋಗಮ್ಮ." ಅವಳು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ತಲೆ ಓರೆ ಮಾಡಿ ನೋಡಿದಳು. "ಇದು ಮೂಸ್ ತಲೆ ಥರ ಇದೆ."

ಒಲೆ ಹತ್ತಿರ ಕ್ಲೇಟನ್ ಚಹಾ ಕಲಕುವುದು ನಿಲ್ಲಿಸಿದ. ಡಾನಿಕಾ ನನ್ನ ಮುಖ ನೋಡಿ ತುಟಿ ಕಚ್ಚಿಕೊಂಡಳು.

"ಸಾರಿ ಅಮ್ಮ."

ಅತ್ತೆ ಬಗ್ಗಿ ನೋಡಿದರು. "ಹೌದಲ್ಲೇ. ಕೊಂಬೂ ಇದೆ."

ನಾನು ಪೆನ್ಸಿಲ್ ತೆಗೆದುಕೊಂಡು ಅದಕ್ಕೆ ಎರಡು ಕಣ್ಣು ಬರೆದೆ. ಕೆಳಗೆ ಎರಡು ಮೂಗಿನ ಹೊಳ್ಳೆ ಬರೆದೆ.

ಮೊದಲು ನಕ್ಕವಳು ಡಾನಿಕಾ. ಆಮೇಲೆ ಅತ್ತೆ, ಮೇಜು ಹಿಡಿದುಕೊಂಡು. ಏನು ಎಂದು ನೋಡಲು ಬಂದ ಕ್ಲೇಟನ್, ನೋಡಿ, ಲೋಟ ಹಿಡಿದುಕೊಂಡು ಹಾಗೇ ಹೊರಗೆ ಹೋದ.

ಮರುದಿನ ಅವನನ್ನೇ ಪಟ್ಟಣಕ್ಕೆ ಪ್ಯಾಡು ತರಲು ಕಳಿಸಿದೆವು. ಐದು ಥರದ್ದು ತಂದ.

"ಯಾವುದು ಅಂತ ಗೊತ್ತಾಗ್ಲಿಲ್ಲ ಅತ್ತಿಗೆ. ಸುಮ್ನೆ ನಿಂತಿದ್ದೆ. ಮುದುಕಿ ಮೇವಿಸ್ ಬಂದು, 'ಯಾರಿಗಪ್ಪಾ?' ಅಂದ್ಲು."

"ಹೇಳ್ಬಿಟ್ಟೆಯಾ?"

"ನನಗೆ ಅಂತ ಹೇಳಕ್ಕಾಗುತ್ತಾ?"

ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಮೇವಿಸ್ ಹೊಗೆ ಹಾಕಿದ ಮೀನು ಕಳಿಸಿದಳು. ಇನ್ಯಾರೋ ಹೊಸ ಟವೆಲ್ ತಂದು ಬಾಗಿಲಲ್ಲಿಟ್ಟು ಹೋದರು. ಡಾನಿಕಾ ಕೋಣೆಯಿಂದ ಹೊರಗೆ ಬರಲಿಲ್ಲ. "ಚಿಕ್ಕಪ್ಪನ್ನ ಕೊಂದ್ಬಿಡ್ತೀನಿ," ಅಂತ ಒಳಗಿನಿಂದಲೇ ಕೂಗಿದಳು. ಮೀನು ತಿನ್ನಲು ಮಾತ್ರ ಹೊರಗೆ ಬಂದಳು.

ಮೀನು ತಿನ್ನುವಾಗ ಅತ್ತೆ ವಿಷಯ ತೆಗೆದರು.

"ನೋಡು. ನಮ್ಮಲ್ಲಿ ಹುಡುಗಿ ದೊಡ್ಡವಳಾದ್ರೆ ಒಂದು ವರ್ಷ ಬೆರಿ ಮುಟ್ಟಿ ಬಾಯಿಗೆ ಹಾಕೋ ಹಾಗಿಲ್ಲ. ಕೀಳೋ ಹಾಗೂ ಇಲ್ಲ. ಬ್ಲೂಬೆರಿ, ಸ್ಟ್ರಾಬೆರಿ, ರಾಸ್ಪ್‌ಬೆರಿ, ಯಾವುದೂ. ನಮ್ಮಕ್ಕ ಮಾಡಿದ್ಲು. ನಾನು ನೋಡಿದೀನಿ."

"ಶಿಕ್ಷೆನಾ?"

"ಶಿಕ್ಷೆ ಅಂದಿದ್ದು ಆ ಶಾಲೆಯವರು. ಇದು ಮರ್ಯಾದೆ. ನಿನಗೀಗ ಒಂದು ಶಕ್ತಿ ಬಂದಿದೆ. ಅದನ್ನ ಹಿಡ್ಕೊಳ್ಳೋಕೆ ಬರುತ್ತಾ ಅಂತ ಒಂದು ವರ್ಷ ನೀನೇ ನೋಡ್ಕೋಬೇಕು."

"ಆಮೇಲೆ?"

"ವರ್ಷ ಆದ್ಮೇಲೆ ಊಟ ಹಾಕ್ತಾರೆ. ಹೆಂಗಸರೆಲ್ಲ ಬರ್ತಾರೆ. ಒಬ್ಬರು ನಿನ್ನ ಬಾಯಿಗೆ ಹಣ್ಣು ಹಿಡೀತಾರೆ. ಮೂರು ಸಲ ಬೇಡ ಅನ್ಬೇಕು. ನಾಕನೇ ಸಲ ತಿನ್ಬೇಕು."

"ಯಾಕೆ ಮೂರು ಸಲ ಬೇಡ?"

"ಬೇಡ ಅನ್ನೋಕೆ ಬರುತ್ತೆ ಅಂತ ತೋರಿಸೋಕೆ."

"ನಾಕನೇದು?"

"ಬೇಕು ಅನ್ನೋಕೂ ಬರಬೇಕಲ್ಲ."

ಡಾನಿಕಾ ಮೀನಿನ ಮುಳ್ಳು ಆರಿಸುತ್ತ ಯೋಚಿಸಿದಳು. ಆಮೇಲೆ ಅಂದಳು, "ಮಾಡ್ತೀನಿ. ಆದ್ರೆ ಕೊನೇ ದಿನ ನನಗೆ ಅಪ್ಪನ ಹಣ್ಣೇ ಬೇಕು."

ನಾನು ಕೈಯಲ್ಲಿದ್ದ ತುತ್ತು ತಟ್ಟೆಗಿಟ್ಟೆ.

ಹಿಂದಿನ ಬೇಸಿಗೆಯ ಕೊನೆಯಲ್ಲಿ ಎಲ್ರಾಯ್ ಕಿತ್ತ ಒಂದು ಬಕೆಟ್ ಬ್ಲೂಬೆರಿ ನಮ್ಮ ದೊಡ್ಡ ಫ್ರೀಜರಿನ ತಳದಲ್ಲಿತ್ತು. ಐಸ್‌ಕ್ರೀಮಿನ ಹಳೆಯ ಡಬ್ಬ. ಮುಚ್ಚಳಕ್ಕೆ ಸುತ್ತಲೂ ಬೂದು ಟೇಪು. ಅವನು ಮುರಿದ ಕನ್ನಡಿಗೂ ಬೂಟಿಗೂ ಅದೇ ಟೇಪು ಸುತ್ತುತ್ತಿದ್ದ. ಹಣ್ಣು ಕೀಳುವಾಗ ಬಾಚಣಿಗೆಯಂಥ ಹಲ್ಲಿನ ತಗಡಿನಿಂದ ಬಾಚಿ, ಎಲೆ ಕಡ್ಡಿ ಸಮೇತ ತುಂಬುತ್ತಿದ್ದ. ಪ್ರತಿ ವರ್ಷ ಅದಕ್ಕೇ ನಮಗೆ ಜಗಳ. ಆ ಸಲ ಮಾತ್ರ, "ಎಲೆ ಆರ್ಸಿದ್ದೀಯಾ?" ಎಂದು ಕೇಳಿದಾಗ, "ಒಂದೂ ಇಲ್ಲ ನೋಡು," ಎಂದು ಆಗಲೇ ಟೇಪು ಸುತ್ತಿದ್ದ ಡಬ್ಬ ತೋರಿಸಿದ್ದ.

"ಅದನ್ನ ಮುಟ್ಟೋದು ಬೇಡ," ನಾನಂದೆ.

"ಯಾಕೆ?" ಡಾನಿಕಾ ಕೇಳಿದಳು.

"ಬೇಡ ಅಂದ್ನಲ್ಲ."

"ಅದು ತಿನ್ನೋಕೆ ಅಂತ ಕಿತ್ತಿದ್ದು," ಅತ್ತೆ ಅಂದರು. "ಇಟ್ಕೊಂಡು ನೋಡೋಕಲ್ಲ."

"ನಿಮ್ಮ ಮಗ ಕಿತ್ತಿದ್ದು ಅಂತ ನೀವು..."

"ನನ್ನ ಮಗನೇ. ಇವಳಪ್ಪಾನೂ ಹೌದು. ನಿನ್ನೊಬ್ಬಳ ಗಂಡ ಮಾತ್ರ ಅಲ್ಲ."

ನಾನು ಎದ್ದು ತಟ್ಟೆಗಳನ್ನು ತೊಟ್ಟಿಗೆ ಹಾಕಿದೆ. ಡಾನಿಕಾಳ ತಟ್ಟೆಯಲ್ಲಿ ಇನ್ನೂ ಮೀನಿತ್ತು. ಬಹಳ ಹೊತ್ತು ನೀರು ಬಿಟ್ಟುಕೊಂಡು ನಿಂತೆ. ತಿರುಗಿದಾಗ ಅವಳು ಅಲ್ಲೇ ಕೂತಿದ್ದಳು.

"ವರ್ಷ ಪೂರ್ತಿ ಮಾಡ್ತೀಯಾ?" ಅಂದೆ.

"ಮಾಡ್ತೀನಿ."

"ಒಂದೂ ತಿನ್ನದೆ?"

"ಒಂದೂ."

"ಮಾಡು. ಆಮೇಲೆ ತೆಗೀತೀನಿ." ವರ್ಷ ಬಹಳ ದೂರ ಇತ್ತು.

ಆಗ ಅತ್ತೆ ಗಂಟಲು ಸರಿಮಾಡಿಕೊಂಡು ಹೇಳಿದರು, "ನಾನೂ ಮಾಡ್ತೀನಿ. ಇವಳ ಜೊತೆ. ಆ ಶಾಲೇಲಿ ಮಾಡೋಕೆ ಬಿಡ್ಲಿಲ್ಲ. ನನ್ನ ವರ್ಷ ಇನ್ನೂ ಬಾಕಿ ಇದೆ."

"ಅಮ್ಮ, ನಿನಗೆ ಎಪ್ಪತ್ತಾಯ್ತು," ಕ್ಲೇಟನ್ ಅಂದ.

"ಅರವತ್ತೊಂಬತ್ತು. ನಿನ್ನನ್ನ ಯಾರು ಕೇಳಿದ್ರು?"

ಹೀಗೆ ಶುರುವಾಯಿತು. ಆಗಸ್ಟಿನಲ್ಲಿ ನಮ್ಮ ಕಡೆ ಬೆರಿ ಇಲ್ಲದ ಅಡುಗೆಮನೆ ಇರುವುದಿಲ್ಲ. ಬೆಳಗಿನ ಗಂಜಿಗೆ, ರೊಟ್ಟಿಗೆ, ಕಡುಬಿಗೆ, ಎಲ್ಲಕ್ಕೂ ಅದೇ. ಕ್ಲೇಟನ್ ಮತ್ತು ನಾನು ಕಿತ್ತು ತಂದು ಹೆದ್ದಾರಿ ಪಕ್ಕ ಮಾರುತ್ತಿದ್ದೆವು. ಚಳಿಗಾಲದ ಸೌದೆಗೆ ಆ ದುಡ್ಡು. ಡಾನಿಕಾ ನಮ್ಮ ಜೊತೆ ಬಂದು, ಕುರ್ಚಿ ಹಾಕಿಕೊಂಡು, ಹಣ್ಣಿಗೆ ಬೆನ್ನು ಮಾಡಿ ಕೂತು ಚಿಲ್ಲರೆ ಎಣಿಸಿ ಕೊಡುತ್ತಿದ್ದಳು.

ಊಟದ ಮೇಜಿನಲ್ಲಿ ದಿನಾ ವಾದ.

"ಬಾಳೆಹಣ್ಣು ತಿನ್ಬಹುದಾ?"

"ಸಸ್ಯಶಾಸ್ತ್ರದ ಪ್ರಕಾರ ಬಾಳೆಹಣ್ಣು ಬೆರಿ," ನಾನಂದೆ. "ಟೊಮೆಟೊನೂ ಬೆರಿ. ಸ್ಟ್ರಾಬೆರಿ ಬೆರಿ ಅಲ್ಲ."

ಅತ್ತೆ ಚಮಚ ಕೆಳಗಿಟ್ಟರು. "ಇದನ್ನ ಹೇಳ್ಕೊಡೋಕೆ ದುಡ್ಡು ತಗೊಂಡ್ರಾ ಅವರು?"

"ಹಾಗಾದ್ರೆ ಸ್ಟ್ರಾಬೆರಿ ತಿಂತೀನಿ!" ಡಾನಿಕಾ ಅಂದಳು.

"ತಿಂದು ನೋಡು. ನಿಮ್ಮಮ್ಮನ ಯೂನಿವರ್ಸಿಟಿ ಬಂದು ನಿನ್ನ ಊಟ ಹಾಕ್ಲಿ."

ಹಲ್ಲುಜ್ಜುವ ಪೇಸ್ಟು ಕೂಡ ಬದಲಾಯಿತು; ಅದಕ್ಕೆ ಸ್ಟ್ರಾಬೆರಿ ವಾಸನೆಯಿತ್ತು. ಸಿಕ್ಕಿಬಿದ್ದವರು ಮಾತ್ರ ಅತ್ತೆ. ಒಂದು ಬೆಳಿಗ್ಗೆ ಮೇವಿಸ್ ಮನೆಗೆ ಹೋಗಿ, ಹರಟೆ ಹೊಡೆಯುತ್ತ, ರೊಟ್ಟಿಗೆ ಜಾಮ್ ಸವರಿಕೊಂಡು ಅರ್ಧ ತಿಂದ ಮೇಲೆ ನೆನಪಾಯಿತಂತೆ. ಬಂದು ಕುರ್ಚಿಯಲ್ಲಿ ಕುಸಿದು ಹೇಳಿದರು.

ಡಾನಿಕಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಜ್ಜಿ! ಮೂರು ವಾರಾನೂ ಆಗಿಲ್ಲ!"

"ಬಾಯಿ ತಪ್ಪಿ ಹೋಯ್ತು ಕಣೇ. ಅರವತ್ತು ವರ್ಷದ ಅಭ್ಯಾಸ."

"ಈಗ?"

"ಈಗೇನು. ನಾಳೆಯಿಂದ ಮೊದಲಿಂದ." ಅತ್ತೆಯ ಮುಖ ನಿಜವಾಗಿಯೂ ಸಣ್ಣದಾಗಿತ್ತು. ಡಾನಿಕಾ ಹೋಗಿ ಅವರ ಕುತ್ತಿಗೆ ತಬ್ಬಿಕೊಂಡಳು. "ಪರವಾಗಿಲ್ಲಜ್ಜಿ. ನಿನ್ನ ಊಟಕ್ಕೆ ನಾನು ಹಣ್ಣು ಹಿಡೀತೀನಿ."

ಆಗಸ್ಟ್ ಮುಗಿಯುವ ಮುಂಚೆ ಬಿರುಗಾಳಿ ಬಂತು. ಕೆರೆಯ ಆಚೆ ದಂಡೆಯಲ್ಲಿ ಮರಗಳು ಸಾಲಾಗಿ ವಿದ್ಯುತ್ ತಂತಿಯ ಮೇಲೆ ಬಿದ್ದವು. ಮೊದಲ ದಿನ, ಕರೆಂಟು ಸಂಜೆಗೆ ಬರುತ್ತೆ ಅಂದರು. ಎರಡನೇ ದಿನ ಏನೂ ಹೇಳಲಿಲ್ಲ. ನಮ್ಮ ಜನರೇಟರನ್ನು ಕ್ಲೇಟನ್ ಬೇಸಿಗೆಯ ಮೊದಲೇ ಯಾರಿಗೋ ಕೊಟ್ಟಿದ್ದ; ಆ ಯಾರೋ ಇನ್ಯಾರಿಗೋ ಕೊಟ್ಟಿದ್ದ.

ಎರಡನೇ ಸಂಜೆ ಡಾನಿಕಾ ಬಚ್ಚಲಿನಿಂದ ಕೂಗಿದಳು, "ಅಮ್ಮ, ಟಾರ್ಚು ಕೊಡು."

"ಏನಾಯ್ತು?"

"ಬಂದಿದೆ. ಪ್ಯಾಡ್ ಇದೆ. ಕಾಣ್ತಿಲ್ಲ ಅಷ್ಟೇ."

ಬಾಗಿಲ ಸಂದಿಯಲ್ಲಿ ಟಾರ್ಚು ಕೊಟ್ಟೆ. ಅವಳು ಒಳಗೆ ಮೆಲ್ಲಗೆ ಏನೋ ಹಾಡಿಕೊಳ್ಳುತ್ತಿದ್ದಳು. ನೀರು ಕಾಯಿಸಿ ರಬ್ಬರ್ ಚೀಲಕ್ಕೆ ತುಂಬಿದೆ.

ಮೂರನೇ ದಿನ ಊರೆಲ್ಲ ಹೊರಗೆ ಬೆಂಕಿ ಹಾಕಿ ಫ್ರೀಜರಿನ ಮಾಂಸ ಬೇಯಿಸತೊಡಗಿತು. ಹಬ್ಬವಿದ್ದ ಹಾಗಿತ್ತು. ಕ್ಲೇಟನ್ ನಮ್ಮ ಮೀನನ್ನೂ ಮಾಂಸವನ್ನೂ ಎತ್ತಿ ಬೆಂಕಿಯ ಹತ್ತಿರ ಒಯ್ದ. ತಳದ ಡಬ್ಬವನ್ನು ಅವನು ಮುಟ್ಟಲಿಲ್ಲ.

ಡಾನಿಕಾ ನನ್ನನ್ನು ಹುಡುಕಿಕೊಂಡು ಬಂದಳು. "ಅಮ್ಮ, ಅಪ್ಪನ ಹಣ್ಣು ಸೋರ್ತಿದೆ."

ಹೋಗಿ ನೋಡಿದೆ. ಟೇಪಿನ ಕೆಳಗಿನಿಂದ ನೇರಳೆ ನೀರು ಇಳಿದು ಫ್ರೀಜರಿನ ತಳದಲ್ಲಿ ನಿಂತಿತ್ತು. ಡಬ್ಬ ಎತ್ತಿಕೊಂಡು ಬಂದು ಅಡುಗೆಮನೆ ಮೇಜಿನ ಮೇಲಿಟ್ಟೆ. ಎಲ್ಲರೂ ಸುತ್ತ ನಿಂತರು.

"ಇವತ್ತೇ ತಿನ್ಬೇಕು," ಕ್ಲೇಟನ್ ಅಂದ. "ನಾಳೆಗೆ ಹುಳಿ ಬರುತ್ತೆ."

"ನಾನು ತಿನ್ನೋ ಹಾಗಿಲ್ಲ," ಡಾನಿಕಾ ಅಂದಳು. ಅವಳ ದನಿ ತೆಳ್ಳಗಾಯಿತು. "ಇನ್ನೂ ಒಂದೇ ತಿಂಗಳಾಗಿರೋದು."

"ನಿಲ್ಲಿಸ್ಬಿಡು," ನಾನಂದೆ. "ಯಾರೂ ಏನೂ ಅನ್ನಲ್ಲ. ಇವತ್ತು ತಿನ್ನು. ಅಪ್ಪನ ಹಣ್ಣು ತಾನೆ ಮುಖ್ಯ."

ಅವಳು ಡಬ್ಬ ನೋಡಿದಳು, ಅಜ್ಜಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. "ಬೇಡ," ಅಂದಳು. ಕಣ್ಣಲ್ಲಿ ನೀರಿತ್ತು. "ಮಾಡ್ತೀನಿ ಅಂದ್ಮೇಲೆ ಮಾಡ್ತೀನಿ. ನೀವೆಲ್ಲ ತಿನ್ನಿ."

"ಜಾಮ್ ಮಾಡಿಟ್ರೆ?" ಕ್ಲೇಟನ್ ಕೇಳಿದ.

"ಈ ಮನೇಲಿ ಜಾಮ್ ವರ್ಷ ಇರುತ್ತಾ? ನನ್ನನ್ನ ನಂಬಬೇಡಿ," ಅತ್ತೆ ಅಂದರು. ಕಿಟಕಿಯ ಕಡೆ ನೋಡುತ್ತಿದ್ದರು. ಹೊರಗೆ ಗಾಳಿ ತೊಳೆದ ಬಿಸಿಲು. "ಫ್ರೀಜರ್ ಯಾವಾಗ ಬಂತು ಈ ಊರಿಗೆ? ನಾನು ಮದುವೆಯಾದ್ಮೇಲೆ. ಅದಕ್ಕೆ ಮುಂಚೆ ಚಳಿಗಾಲದಲ್ಲಿ ಏನ್ ತಿಂತಿದ್ವಿ? ನಮ್ಮಜ್ಜಿ ಒಣಗಿಸ್ತಿದ್ಲು. ಬರ್ಚ್ ಮರದ ತೊಗಟೆ ಮೇಲೆ ಹರಡಿ. ಕಲ್ಲಿನ ಥರ ಆಗೋದು. ಎರಡು ವರ್ಷ ಆದ್ರೂ ಏನೂ ಆಗ್ತಿರ್ಲಿಲ್ಲ."

"ಅಷ್ಟು ತೊಗಟೆ ಎಲ್ಲಿಂದ ತರೋದು?" ಅಂದೆ.

ಕ್ಲೇಟನ್ ಕಿಟಕಿ ನೋಡಿದ. "ಸೊಳ್ಳೆ ಪರದೆ ಇದೆಯಲ್ಲ."

ಮನೆಯ ಎಲ್ಲ ಕಿಟಕಿಗಳ ಪರದೆ ಚೌಕಟ್ಟು ಬಿಚ್ಚಿ, ತೊಳೆದು, ಅಂಗಳದಲ್ಲಿ ಕುರ್ಚಿಗಳ ಮೇಲೆ ಅಡ್ಡ ಇಟ್ಟ. ಸೊಳ್ಳೆಗಳಿಗೆ ಆ ವಾರ ನಮ್ಮ ಮನೆಯಲ್ಲೇ ಔತಣ.

"ನಾನು ಮುಟ್ಟಬಹುದಾ ಅಜ್ಜಿ?" ಡಾನಿಕಾ ಕೇಳಿದಳು.

"ಕೀಳಬಾರದು, ತಿನ್ನಬಾರದು. ನಮ್ಮಕ್ಕ ತನ್ನ ವರ್ಷದಲ್ಲಿ ಒಣಗಿಸೋಕೆ ಕೂರ್ತಿದ್ಲು. ಬೆರಳು ಹೀಗೆ ಬಾಯಿಂದ ದೂರ ಹಿಡ್ಕೊಂಡು. ಅದು ನನಗೆ ಚೆನ್ನಾಗಿ ನೆನಪಿದೆ." ಕೈ ಇಳಿಸಿ, "ಉಳಿದಿದ್ದು ಅಷ್ಟು ನೆನಪಿಲ್ಲ," ಅಂದರು.

ಡಬ್ಬ ನನ್ನ ಮಡಿಲಲ್ಲಿತ್ತು. ಕ್ಲೇಟನ್ ಚಾಕು ಕೊಟ್ಟ. ನಾನು ತೆಗೆದುಕೊಂಡು ಹಾಗೇ ಕೂತಿದ್ದೆ.

"ಅಮ್ಮ," ಡಾನಿಕಾ ಅಂದಳು.

ಟೇಪು ಕೊಯ್ದೆ. ಮುಚ್ಚಳ ತೆಗೆದೆ.

ಅರ್ಧಕ್ಕರ್ಧ ಎಲೆ. ಎಲೆ, ಕಡ್ಡಿ, ಹಸಿರು ಕಾಯಿ, ಒಂದು ತುಂಡು ಪಾಚಿ. ಒಂದು ಪೈನ್ ಕಾಯಿಯ ಸಿಪ್ಪೆ ಕೂಡ ಇತ್ತು.

"ಒಂದೂ ಇಲ್ಲ ಅಂದಿದ್ದ," ಅಂದೆ.

ಅತ್ತೆ ಇಣುಕಿ ನೋಡಿದರು. "ಅದಕ್ಕೇ ಟೇಪು ಸುತ್ತಿದ್ದು, ಸುಳ್ಳ!"

ನನ್ನ ಗಂಟಲಿನಿಂದ ಒಂದು ಸದ್ದು ಬಂತು. ನಗು ಅಂತ ಮಿಕ್ಕವರು ಅಂದುಕೊಂಡರು, ಅವರೂ ನಕ್ಕರು. ಆಮೇಲೆ ಅತ್ತೆ ತಮ್ಮ ಕುರ್ಚಿ ನನ್ನ ಕುರ್ಚಿಗೆ ತಾಗಿಸಿ ಕೂತರು.

ಮಧ್ಯಾಹ್ನವೆಲ್ಲ ನಾವು ಎಲೆ ಆರಿಸಿದೆವು. ಹಣ್ಣನ್ನು ಒಂದೊಂದಾಗಿ ಪರದೆಯ ಮೇಲೆ ಹರಡಿದೆವು. ಡಾನಿಕಾಳ ಬೆರಳು ನೇರಳೆಯಾದವು. ಮೂಗು ತುರಿಸಿದಾಗ ಮೊಣಕೈಯಿಂದ ಉಜ್ಜಿಕೊಂಡಳು. ಅತ್ತೆ ಎರಡು ಸಲ ಬೆರಳನ್ನು ಬಾಯಿಯ ಹತ್ತಿರ ತಂದರು. ಎರಡು ಸಲವೂ ಅವಳು, "ಅಜ್ಜೀ," ಅಂದಳು.

ಡಬ್ಬದ ತಳ ಕಂಡಾಗ ಡಾನಿಕಾ ಒಂದು ಹಣ್ಣು ಎತ್ತಿ ನನ್ನ ಕಡೆ ಚಾಚಿದಳು.

"ನೀನು ತಿನ್ನಮ್ಮ. ನೀನು ವ್ರತದಲ್ಲಿಲ್ವಲ್ಲ."

"ಬೇಡ."

"ಹೇಗಿದೆ ಅಂತ ಹೇಳು. ನನಗೆ ಗೊತ್ತಾಗ್ಬೇಕು."

"ಬೇಡ ಕಣೆ. ನಿನಗೇ ಇರ್ಲಿ."

"ಒಂದು."

ಬೇಡವೆಂದು ತಲೆಯಾಡಿಸಿದೆ. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನೇರಳೆ ನೀರು ಅವಳ ಮಣಿಕಟ್ಟಿಗೆ ಇಳಿಯುತ್ತಿತ್ತು. ಇನ್ನೂ ಹತ್ತಿರ ಹಿಡಿದಳು, ನನ್ನ ತುಟಿಗೆ ತಾಗುವಷ್ಟು.

ಪಕ್ಕದಿಂದ ಅತ್ತೆ, ಎಲೆ ಆರಿಸುತ್ತಲೇ, ತಲೆಯೆತ್ತದೆ ಅಂದರು, "ಇದು ನಾಕನೇ ಸಲ."

ಬಾಯಿ ತೆರೆದೆ.

"ಹೇಗಿದೆ?" ಡಾನಿಕಾ ಕೇಳಿದಳು.

"ಸಿಹಿ ಇದೆ," ಅಂದೆ. "ಒಂದು ಎಲೇನೂ ಬಂತು."

"ಅಯ್ಯೋ, ಉಗಿಯಮ್ಮ."

ನಾನು ಉಗಿಯಲಿಲ್ಲ.